ಮನೆಗೊಂದು ಡೆಸ್ಕ್‌ಟಾಪ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

"ಐ5 ತಗೊಳ್ಳಲಾ, ರೈಜನ್ ತಗೊಳ್ಳಲಾ?" ಕಂಪ್ಯೂಟರ್ ಅಸೆಂಬಲ್ ಮಾಡಿಸಬೇಕು ಅಂತ ಹೊರಟವರು ನನ್ನನ್ನು ಮೊದಲು ಕೇಳುವುದೇ ಇದನ್ನು. ನಾನು ತಿರುಗಿ ಕೇಳುತ್ತೇನೆ, ಮನೆಯಲ್ಲಿ ಅದರ ಮುಂದೆ ಯಾರು ಯಾರು ಕೂರುತ್ತಾರೆ? ಸಾಮಾನ್ಯವಾಗಿ ಬರುವ ಉತ್ತರ: ಮಗಳ ಪ್ರಾಜೆಕ್ಟ್ ಕೆಲಸ, ಯಜಮಾನರ ಟ್ಯಾಲಿ ಲೆಕ್ಕ, ತಾತ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವ ಸಂಘದ ಪತ್ರಗಳು, ರಾತ್ರಿ ಎಲ್ಲರೂ ಸೇರಿ ನೋಡುವ ಯೂಟ್ಯೂಬ್. ಇಷ್ಟು ಕೆಲಸಕ್ಕೆ ಈಗಿನ ಮಾಮೂಲಿ ಐ3 ಕೂಡ ಧಾರಾಳವಾಗಿ ಸಾಕು. ಹಾಗಾಗಿ ಇಂಟೆಲ್‌ನ ಐ5, ಎಎಂಡಿಯ ರೈಜನ್ ಅನ್ನುವ ಪ್ರೊಸೆಸರ್ (ಕಂಪ್ಯೂಟರ್‌ನ ಮೆದುಳು) ಪ್ರಶ್ನೆ ಅಂದುಕೊಂಡಷ್ಟು ದೊಡ್ಡದಲ್ಲ. ಮನೆ ಕಂಪ್ಯೂಟರ್ ನಿಧಾನ ಆಗುವುದು ಹೆಚ್ಚಾಗಿ ಹಾರ್ಡ್ ಡಿಸ್ಕ್‌ನಿಂದ. ಬೇಗ ಕೆಡುವುದು ಎಸ್‌ಎಂಪಿಎಸ್‌ನಿಂದ, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆಯಿಂದ. ಜನ ದುಡ್ಡು ಉಳಿಸಲು ಹೋಗುವುದೂ ಇವೆರಡರಲ್ಲೇ. ಇದೊಂದನ್ನು ತಿದ್ದಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ಮೊದಲು ಕೂತು ಬರೆದುಕೊಳ್ಳಬೇಕಾದದ್ದು

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಆಗುವ ಕೆಲಸಗಳಲ್ಲಿ ಅತಿ ಭಾರದ್ದು ಯಾವುದು ಅಂತ ಬರೆಯಿರಿ. ಬ್ರೌಸರ್, ಎಕ್ಸೆಲ್, ಸಿನಿಮಾ ಇಷ್ಟೇನಾ, ಇಲ್ಲ ಮದುವೆ ವಿಡಿಯೊ ಎಡಿಟಿಂಗ್, ಆಟ ಇವೂ ಇವೆಯಾ? ಎಷ್ಟು ವರ್ಷ ಬಾಳಬೇಕು ಅನ್ನುವುದು ಎರಡನೆಯದು. ಮನೆಯ ಕರೆಂಟ್ ಹೇಗಿದೆ ಅನ್ನುವುದು ಮೂರನೆಯದು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಕೂತು ಬೆಂಗಳೂರಿನವರ ಲೆಕ್ಕಾಚಾರ ಮಾಡಿದರೆ ನಡೆಯುವುದಿಲ್ಲ. ಕೆಟ್ಟರೆ ಯಾರು ನೋಡುತ್ತಾರೆ ಅನ್ನುವುದನ್ನೂ ಬರೆಯಿರಿ. ಒಂದು ಭಾಗದ ವಾರಂಟಿಗಾಗಿ ಕಲಬುರಗಿಯಿಂದ ಬೆಂಗಳೂರಿಗೆ ಕೊರಿಯರ್ ಮಾಡಬೇಕಾದರೆ ಅದಕ್ಕೂ ದುಡ್ಡು ಬೇಕು, ದಿನಗಳೂ ಬೇಕು.

ಕೊನೆಗೆ ಒಟ್ಟು ಬಜೆಟ್. ಇಲ್ಲಿ ತುಂಬಾ ಜನ ಎಡವುತ್ತಾರೆ. ಸಿಪಿಯುಗೆ ಅಂತ ಪೂರ್ತಿ ದುಡ್ಡು ಸುರಿದು, ಆಮೇಲೆ ಮಾನಿಟರ್, ಯುಪಿಎಸ್, ಕೀಬೋರ್ಡ್, ವಿಂಡೋಸ್, ವೈಫೈ ಅಂತ ಸಾಲು ನಿಂತಾಗ ಕೈ ಖಾಲಿ. ವೈಫೈ ಅಂತೂ ಎಷ್ಟು ಜನಕ್ಕೆ ಮರೆತುಹೋಗುತ್ತದೆ ಅಂದರೆ, ಮನೆಗೆ ತಂದು ಆನ್ ಮಾಡಿದ ಮೇಲೆ "ನೆಟ್ ಸಿಗ್ತಿಲ್ಲ" ಅಂತ ಫೋನ್ ಬರುತ್ತದೆ. ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆಯೇ ಮದರ್‌ಬೋರ್ಡ್, ಕಡಿಮೆ ಬೆಲೆಯ ಹೆಚ್ಚಿನವುಗಳಲ್ಲಿ ವೈಫೈ ಇರುವುದಿಲ್ಲ. ರೂಟರ್‌ನಿಂದ ಲ್ಯಾನ್ ವೈರ್ ಎಳೆಯಿರಿ, ಇಲ್ಲ ಒಂದು ಯುಎಸ್‌ಬಿ ಡಾಂಗಲ್‌ಗೆ ಜಾಗ ಇಟ್ಟುಕೊಳ್ಳಿ.

ಮೊದಲು ಬಿಡಬೇಕಾದದ್ದು

ಆನ್‌ಲೈನ್‌ನಲ್ಲಿ "ಐ7, 16 ಜಿಬಿ, ಗ್ರಾಫಿಕ್ಸ್ ಕಾರ್ಡ್ ಸಮೇತ" ಅಂತ ಬಹಳ ಅಗ್ಗಕ್ಕೆ ಪೂರ್ತಿ ಸೆಟ್ ಕಾಣುತ್ತದೆ ಅಲ್ವಾ? ಅದರ ವಿವರ ಪೂರ್ತಿ ಓದಿ. ಮದರ್‌ಬೋರ್ಡ್ ಹೆಸರು ಎಚ್61 ಅಥವಾ ಎಚ್81 ಅಂತ ಇದ್ದರೆ ಒಳಗಿರುವುದು 2ನೇ, 3ನೇ ಇಲ್ಲ 4ನೇ ತಲೆಮಾರಿನ ಪ್ರೊಸೆಸರ್. ಅಂದರೆ 2011ರಿಂದ 2014ರ ಕಾಲದ ಮಾಲು. ಐ7 ಅನ್ನುವುದು ಸುಳ್ಳಲ್ಲ. ಆದರೆ ಆ ಐ7-2600ಗಿಂತ ಈಗಿನ ಐ3 ವೇಗವಾಗಿದೆ. ಜೊತೆಗೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಬೇಕು, ಪ್ರೊಸೆಸರ್ ಇಂಟೆಲ್‌ನ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಿರಬೇಕು. ಈ ಹಳೆಯ ಸೆಟ್‌ಗಳು ಅಲ್ಲಿಗೆ ಮುಟ್ಟುವುದಿಲ್ಲ.

ಅದರಲ್ಲಿ ಹಾಕಿರುವ ಗ್ರಾಫಿಕ್ಸ್ ಕಾರ್ಡ್ ಹೆಚ್ಚಾಗಿ ಜಿಟಿ 710 ಇಲ್ಲ ಜಿಟಿ 730 ಆಗಿರುತ್ತದೆ. "4 ಜಿಬಿ ಕಾರ್ಡ್" ಅಂದ ತಕ್ಷಣ ಮಕ್ಕಳು ಕುಣಿದಾಡುತ್ತಾರೆ. ಆದರೆ ರೈಜನ್ 5600ಜಿ ಪ್ರೊಸೆಸರ್‌ನ ಒಳಗೇ ಬರುವ ಗ್ರಾಫಿಕ್ಸ್ ಇದಕ್ಕಿಂತ ಚೆನ್ನಾಗಿದೆ. ಮೆಮೊರಿ ಎಷ್ಟು ಜಿಬಿ ಅನ್ನುವುದು ಕಾರ್ಡಿನ ಶಕ್ತಿ ಹೇಳುವುದಿಲ್ಲ.

ಈಗ ಉಳಿದ ದಾರಿಗಳು

ಬಜೆಟ್ ತೀರಾ ಕಡಿಮೆ ಇದ್ದರೆ, ಎಲ್ಲ ಸೇರಿ 20 ಸಾವಿರದ ಒಳಗೆ ಮುಗಿಯಬೇಕು ಅಂದರೆ, ಹೊಸ ಭಾಗಗಳ ಆಸೆ ಬಿಟ್ಟು ರೀಫರ್ಬಿಶ್ಡ್ ನೋಡುವುದು ವಾಸಿ ಅಂತ ನನ್ನ ಅಭಿಪ್ರಾಯ. ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟುಕೊಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಬೆಂಗಳೂರಿನಲ್ಲಿ ಬೇಕಾದಷ್ಟು ಸಿಗುತ್ತವೆ. ಗಟ್ಟಿಯಾಗಿ ಮಾಡಿದ ಯಂತ್ರಗಳು. ಆದರೆ 8ನೇ ತಲೆಮಾರಿಗಿಂತ ಕೆಳಗಿನದು ಬೇಡ. ಐ5-8500 ಇದ್ದರೆ ಆರು ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕ) ಸಿಗುತ್ತದೆ, ಮನೆ ಕೆಲಸಕ್ಕೆ ಇನ್ನೂ ಕೆಲವು ವರ್ಷ ತೊಂದರೆ ಇಲ್ಲ. ಇದರಲ್ಲಿ ಕೊಡಬೇಕಾದ ಬೆಲೆ ಒಂದಿದೆ. ಒಳಗಿನ ಎಸ್‌ಎಂಪಿಎಸ್, ಮದರ್‌ಬೋರ್ಡ್ ಎರಡೂ ಆಯಾ ಕಂಪನಿಯ ಅಳತೆಯವು. ಸುಟ್ಟುಹೋದರೆ ಪಕ್ಕದ ಅಂಗಡಿಯಿಂದ ಮಾಮೂಲಿ ಭಾಗ ತಂದು ಹಾಕಲು ಆಗುವುದಿಲ್ಲ, ಅದೇ ಮಾದರಿ ಹುಡುಕಬೇಕು. ಕೊಳ್ಳುವಾಗ ಅಂಗಡಿಯಲ್ಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಸಿ ಎಸ್‌ಎಸ್‌ಡಿಯ (ಹಾರ್ಡ್ ಡಿಸ್ಕ್ ಬದಲು ಬರುವ, ಚಿಪ್‌ನಲ್ಲಿ ಮಾಹಿತಿ ಇಡುವ ವೇಗದ ಡ್ರೈವ್) ಆರೋಗ್ಯ ನೋಡಿ. ಎಷ್ಟು ಗಂಟೆ ಓಡಿದೆ ಅಂತಲೂ ಅದು ತೋರಿಸುತ್ತದೆ.

ಇನ್ನೊಂದು, ಅಂಗೈಗಿಂತ ಸ್ವಲ್ಪ ದೊಡ್ಡದಿರುವ ಮಿನಿ ಪಿಸಿ. ಇಂಟೆಲ್ ಎನ್100 ಪ್ರೊಸೆಸರ್ ಇರುವಂಥದ್ದು. 2023ರಲ್ಲಿ ಬಂದ ಈ ಚಿಪ್‌ನಲ್ಲಿ ನಾಲ್ಕು ಚಿಕ್ಕ ಕೋರ್‌ಗಳಿವೆ, ವಿದ್ಯುತ್ ಬಳಕೆಯ ಮಟ್ಟ 6 ವ್ಯಾಟ್ ಅಂತ ಇಂಟೆಲ್ ಹೇಳುತ್ತದೆ. ಇನ್ವರ್ಟರ್ ಮೇಲೆ ಗಂಟೆಗಟ್ಟಲೆ ಕೆಲಸ ಮಾಡಬೇಕಾದವರಿಗೆ, ಹಳ್ಳಿಯಲ್ಲಿ ಕೂತು ಆನ್‌ಲೈನ್ ಅರ್ಜಿ ಹಾಕಿಕೊಡುವವರಿಗೆ ಇದು ನಿಜಕ್ಕೂ ಒಳ್ಳೆಯದು. ಆದರೆ ಪ್ರೊಸೆಸರ್ ಬೋರ್ಡಿಗೇ ಬೆಸೆದಿರುತ್ತದೆ. ಮುಂದೆ ಬದಲಿಸುವ ಮಾತಿಲ್ಲ. ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್ ತೆರೆದು ಕೂರುವವರಿಗೆ ಬೇಡ.

ಇವೆರಡೂ ಬೇಡ, ಹೊಸದಾಗಿಯೇ ಕಟ್ಟಿಸುತ್ತೇನೆ ಅನ್ನುವವರ ಮುಂದೆ ನಿಜವಾದ ಜಿದ್ದಾಜಿದ್ದಿ ಇರುವುದು ಎರಡರ ನಡುವೆ: ಇಂಟೆಲ್ ಐ3-12100 ಮತ್ತು ಎಎಂಡಿ ರೈಜನ್ 5 5600ಜಿ.

ಐ3-12100 ಬಂದದ್ದು 2022ರಲ್ಲಿ. ನಾಲ್ಕು ಕೋರ್, ಎಂಟು ಥ್ರೆಡ್ (ಒಟ್ಟಿಗೆ ಸಾಗಬಲ್ಲ ಕೆಲಸದ ಸಾಲುಗಳು). ಒಂದೊಂದು ಕೋರ್‌ನ ವೇಗ 5600ಜಿಗಿಂತ ಹೆಚ್ಚು. ಬ್ರೌಸರ್ ತೆರೆಯುವುದು, ಎಕ್ಸೆಲ್, ಟ್ಯಾಲಿ ಎಲ್ಲ ಹೆಚ್ಚಾಗಿ ಒಂದು ಕೋರ್‌ನ ವೇಗದ ಮೇಲೆ ನಿಂತಿರುವುದರಿಂದ ಕೈಗೆ ಚುರುಕು ಅನ್ನಿಸುತ್ತದೆ. ಇದರ ಗ್ರಾಫಿಕ್ಸ್ ಆಟಕ್ಕೆ ಅಷ್ಟಕ್ಕಷ್ಟೆ. ಆದರೆ ಯೂಟ್ಯೂಬ್ ಈಗ ಎವಿ1 ಅನ್ನುವ ರೂಪದಲ್ಲಿ ತುಂಬಾ ವಿಡಿಯೊಗಳನ್ನು ಕಳಿಸುತ್ತದೆ. ಐ3ರ ಗ್ರಾಫಿಕ್ಸ್‌ನಲ್ಲಿ ಅದನ್ನು ಬಿಡಿಸಲು ಬೇರೆಯೇ ಭಾಗ ಇದೆ. 5600ಜಿಯಲ್ಲಿ ಇಲ್ಲ, ಅಲ್ಲಿ ಕೋರ್‌ಗಳೇ ಆ ಕೆಲಸ ಮಾಡಬೇಕು. ನೋಡುವುದಕ್ಕೇನೂ ತೊಂದರೆ ಇಲ್ಲ, 4ಕೆ ವಿಡಿಯೊ ಹಾಕಿದಾಗ ಮಾತ್ರ ಫ್ಯಾನ್ ಸದ್ದು ಜಾಸ್ತಿ ಕೇಳಿಸಬಹುದು.

5600ಜಿ 2021ರದ್ದು. ಆರು ಕೋರ್, ಹನ್ನೆರಡು ಥ್ರೆಡ್. ಆಟಗಳಲ್ಲಿ ಇದರ ವೇಗಾ ಗ್ರಾಫಿಕ್ಸ್ ಐ3ರದ್ದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಕಾರ್ಡ್ ಇಲ್ಲದೆ ವ್ಯಾಲರಂಟ್, ಮೈನ್‌ಕ್ರಾಫ್ಟ್ ಆಡುವ ಹುಡುಗರಿಗೆ ಸಾಕು. ಮನೆಯಲ್ಲಿ ಇಂಜಿನಿಯರಿಂಗ್ ಓದುವ ಮಗ ಇದ್ದು ಕೋಡ್ ಕಂಪೈಲ್ ಮಾಡುವುದು, ವರ್ಚುವಲ್ ಮಷೀನ್ ಓಡಿಸುವುದು ಇದ್ದರೆ ಎರಡು ಕೋರ್ ಜಾಸ್ತಿ ಇರುವುದು ಕೆಲಸಕ್ಕೆ ಬರುತ್ತದೆ. ಒಂದು ಎಚ್ಚರಿಕೆ. ಇದರ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ನಿಮ್ಮ ರ‍್ಯಾಮ್‌ನಿಂದಲೇ ಪಾಲು ತೆಗೆದುಕೊಳ್ಳುತ್ತದೆ. ರ‍್ಯಾಮ್ ಒಂದೇ ಕಡ್ಡಿ ಹಾಕಿದರೆ ದಾರಿ ಅರ್ಧ ಮುಚ್ಚಿದ ಹಾಗೆ, ಆಟಗಳ ವೇಗ ಕಣ್ಣಿಗೆ ಕಾಣುವಷ್ಟು ಬಿದ್ದುಹೋಗುತ್ತದೆ. 5600ಜಿ ತೆಗೆದುಕೊಂಡವರು ಎರಡು ಕಡ್ಡಿ ಹಾಕಲೇಬೇಕು.

ಹಾಗಾಗಿ ನನ್ನ ಲೆಕ್ಕ ಸರಳ. ಆಫೀಸ್ ಕೆಲಸ, ಓದು, ಸಿನಿಮಾ ಅಷ್ಟೇ ಆದರೆ ಐ3, ಮಕ್ಕಳ ಆಟ ಮತ್ತು ಕೋಡಿಂಗ್ ಇದ್ದರೆ 5600ಜಿ. ಎರಡರ ನಡುವೆ ಬೆಲೆ ವ್ಯತ್ಯಾಸ ದೊಡ್ಡದಾಗಿದ್ದರೆ, ಉಳಿದ ದುಡ್ಡು ರ‍್ಯಾಮ್‌ಗೆ ಹೋಗಲಿ.

ಹೆಸರಿನ ಕೊನೆಯ ಅಕ್ಷರ ಮಾತ್ರ ಎರಡು ಸಲ ನೋಡಿ. ಐ3-12100ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ರೈಜನ್ 5 5500ರಲ್ಲೂ ಇಲ್ಲ. ಸ್ವಲ್ಪ ಅಗ್ಗ ಅಂತ ತಂದರೆ ಮದರ್‌ಬೋರ್ಡ್‌ನ ಎಚ್‌ಡಿಎಂಐಗೆ ವೈರ್ ಚುಚ್ಚಿದಾಗ ಪರದೆ ಕಪ್ಪಗೇ ಇರುತ್ತದೆ, ಬೇರೆ ಕಾರ್ಡ್ ಕೊಳ್ಳಬೇಕಾಗುತ್ತದೆ.

ಎಎಂ5 ಸಾಕೆಟ್‌ನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜನ್ 5 8500ಜಿ ಬಗ್ಗೆಯೂ ಕೇಳುತ್ತಾರೆ. ಹೊಸದು, ಚೆನ್ನಾಗಿದೆ. ಈ ಸಾಕೆಟ್‌ಗೆ 2027ರವರೆಗಾದರೂ ಹೊಸ ಪ್ರೊಸೆಸರ್ ತರುತ್ತೇವೆ ಅಂತ ಎಎಂಡಿ ಹೇಳಿದೆ. ಐದಾರು ವರ್ಷದ ಮೇಲೆ ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆ ಇರುವವರಿಗೆ ಸರಿಯಾದ ದಾರಿ. ಆದರೆ ಬರೀ ಡಿಡಿಆರ್5 ಅನ್ನುವ ಹೊಸ ತಲೆಮಾರಿನ ರ‍್ಯಾಮ್ ಹಿಡಿಯುತ್ತದೆ, ಬೋರ್ಡ್ ಬೆಲೆಯೂ ಮೇಲೆ. ನಾನು ಕಂಡ ಮನೆಗಳಲ್ಲಿ ಆಮೇಲೆ ಪ್ರೊಸೆಸರ್ ಬದಲಿಸಿದವರು ತೀರಾ ಕಡಿಮೆ. ರ‍್ಯಾಮ್, ಎಸ್‌ಎಸ್‌ಡಿ ಸೇರಿಸುತ್ತಾರೆ, ಅಷ್ಟೆ.

ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ

ಐ3ಗೆ ಎಚ್610, 5600ಜಿಗೆ ಎ520 ಬೋರ್ಡ್ ಸಾಕು. ಎಚ್610 ಬೋರ್ಡ್ ಡಿಡಿಆರ್4ದ್ದೂ ಇದೆ, ಡಿಡಿಆರ್5ದ್ದೂ ಇದೆ. ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರುವುದಿಲ್ಲ. ಎಸ್‌ಎಸ್‌ಡಿ ನೇರ ಕೂರುವ ಎಂ.2 ಸ್ಲಾಟ್ ಇದೆಯಾ, ಹಿಂದೆ ಎಷ್ಟು ಯುಎಸ್‌ಬಿ ಇದೆ, ಹಳೆಯ ಮಾನಿಟರ್ ಇದ್ದರೆ ವಿಜಿಎ ಇದೆಯಾ, ಇಷ್ಟು ನೋಡಿದರೆ ಆಯಿತು. ಎ520 ತುಂಬಾ ಹಳೆಯ ದಾಸ್ತಾನಾದರೆ 5600ಜಿ ಗುರುತಿಸಲು ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಬೇಕಾಗುತ್ತದೆ. ಅಂಗಡಿಯವರಿಂದಲೇ ಮಾಡಿಸಿ.

ರ‍್ಯಾಮ್ ವಿಷಯ ಈಗ ಕಷ್ಟದ್ದು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್‌ಗಳು ಹರಿದುಹೋಗುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ಸಿಕ್ಕಾಪಟ್ಟೆ ಏರಿತು. ಎಸ್‌ಎಸ್‌ಡಿಗೂ ಅದರ ಬಿಸಿ ತಟ್ಟಿತು. ಹಳೆಯ ವಿಡಿಯೊ ನೋಡಿ ಬಜೆಟ್ ಹಾಕಿದರೆ ಲೆಕ್ಕ ತಪ್ಪುತ್ತದೆ. ಕೊಳ್ಳುವ ದಿನದ ಬೆಲೆ ಕೇಳಿಯೇ ಹಾಳೆಯಲ್ಲಿ ಬರೆಯಿರಿ. 16 ಜಿಬಿ ಇದ್ದರೆ ನೆಮ್ಮದಿ. ಕೈಗೆ ಎಟುಕದಿದ್ದರೆ ಐ3 ಜೊತೆ 8 ಜಿಬಿಯ ಒಂದು ಕಡ್ಡಿ ಹಾಕಿಸಿ, ಎರಡನೇ ಸ್ಲಾಟ್ ಖಾಲಿ ಬಿಡಿ, ಬೆಲೆ ಇಳಿದಾಗ ಅದೇ ಅಳತೆಯದನ್ನು ಸೇರಿಸಿ. 4 ಜಿಬಿಯ ಎರಡು ಕಡ್ಡಿ ಹಾಕಿಸಬೇಡಿ. ಎಚ್610ರಲ್ಲಿ ಇರುವುದೇ ಎರಡು ಸ್ಲಾಟ್, ಮುಂದೆ ಎರಡನ್ನೂ ಕಿತ್ತು ಇಡಬೇಕಾಗುತ್ತದೆ. ಹಳೆಯ ಕಂಪ್ಯೂಟರ್‌ನಲ್ಲಿ ಡಿಡಿಆರ್4 ರ‍್ಯಾಮ್ ಇದ್ದರೆ ಎಸೆಯಬೇಡಿ, ಡಿಡಿಆರ್4 ಬೋರ್ಡ್ ತಗೊಂಡು ಅದನ್ನೇ ಹಾಕಿ. ಈ ಹೊತ್ತಿನಲ್ಲಿ ಅದು ದೊಡ್ಡ ಉಳಿತಾಯ.

ಎಸ್‌ಎಸ್‌ಡಿ ಇಲ್ಲದೆ ಕಟ್ಟಿಸಲೇಬೇಡಿ. ಇದರಲ್ಲಿ ರಾಜಿ ಇಲ್ಲ. ಹಾರ್ಡ್ ಡಿಸ್ಕ್ ಸೆಕೆಂಡಿಗೆ 150 ಎಂಬಿ ಆಸುಪಾಸು ಓದುತ್ತದೆ, ವೈರ್‌ನಿಂದ ಜೋಡಿಸುವ ಸಾಟಾ ಎಸ್‌ಎಸ್‌ಡಿ ಸುಮಾರು 550, ಎಂ.2 ಸ್ಲಾಟ್‌ನಲ್ಲಿ ಕೂರುವ ಎನ್‌ವಿಎಂಇ ಎಸ್‌ಎಸ್‌ಡಿ 3,500 ಇಲ್ಲ ಅದಕ್ಕೂ ಮೇಲೆ. ಆದರೆ ಮನೆ ಕೆಲಸದಲ್ಲಿ ಮೊದಲ ಜಿಗಿತ ಗೊತ್ತಾಗುವಷ್ಟು ಎರಡನೆಯದು ಗೊತ್ತಾಗುವುದಿಲ್ಲ. ಬೆಲೆ ಹೆಚ್ಚುಕಡಿಮೆ ಒಂದೇ ಇದ್ದರೆ ಎನ್‌ವಿಎಂಇ ತಗೊಳ್ಳಿ, ಕ್ಯಾಬಿನೆಟ್ ಒಳಗೆ ಎರಡು ವೈರ್ ಕಮ್ಮಿಯಾಗುತ್ತದೆ. ಅಳತೆ 500 ಜಿಬಿಯಷ್ಟಿದ್ದರೆ ಚೆನ್ನ, 256ರಲ್ಲಿಯೂ ಶುರು ಮಾಡಬಹುದು. ಮದುವೆ, ನಾಮಕರಣದ ಫೋಟೊ ವಿಡಿಯೊ ತುಂಬಿಡಲು ಹಳೆಯ ಹಾರ್ಡ್ ಡಿಸ್ಕನ್ನು ಎರಡನೆಯದಾಗಿ ಜೋಡಿಸಿಕೊಳ್ಳಿ.

ಎಸ್‌ಎಂಪಿಎಸ್: ಇದನ್ನು ಓದದೆ ಹೋಗಬೇಡಿ

ಅಕ್ಕನ ಮನೆ ತೀರ್ಥಹಳ್ಳಿ ಕಡೆ. ಅವರು ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಮೊದಲ ಮಳೆಗಾಲದಲ್ಲೇ ನಿಂತುಹೋಯಿತು. ಕರೆಂಟ್ ಹೋಗಿ ಬಂತು, ಟಪ್ ಅಂತ ಸದ್ದು, ಸುಟ್ಟ ವಾಸನೆ. ನಾನು ಹೋಗಿ ಕ್ಯಾಬಿನೆಟ್ ಬಿಚ್ಚಿದೆ. ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆಗೇ ಬಂದದ್ದು, ಮೇಲೆ 500 ವ್ಯಾಟ್ ಅಂತ ದೊಡ್ಡ ಸ್ಟಿಕ್ಕರ್. ನಾಲ್ಕು ಸ್ಕ್ರೂ ತೆಗೆದು ಕೈಗೆ ಎತ್ತಿಕೊಂಡರೆ ಖಾಲಿ ಟಿಫಿನ್ ಡಬ್ಬಿಯಷ್ಟು ಹಗುರ. ವೈರ್‌ಗಳು ದಾರದಷ್ಟು ತೆಳ್ಳಗೆ. ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿದೆ. ಒಂದು ಕೆಪಾಸಿಟರ್‌ನ ತಲೆ ಉಬ್ಬಿ ಒಡೆದಿತ್ತು, ಪಕ್ಕದಲ್ಲೆಲ್ಲ ಕಂದು ಕಲೆ. ಹೋಗುವಾಗ ಅದು ಒಂದೇ ಹೋಗಲಿಲ್ಲ, ಮದರ್‌ಬೋರ್ಡನ್ನೂ ತೆಗೆದುಕೊಂಡು ಹೋಯಿತು. ಭಾವನ ಮೂರು ವರ್ಷದ ಅಡಿಕೆ ಲೆಕ್ಕ ಹಾರ್ಡ್ ಡಿಸ್ಕ್‌ನಲ್ಲಿತ್ತು. ಅದೊಂದು ಉಳಿಯಿತು. ಆ ದಿನ ಅಕ್ಕನ ಮುಖ ನೋಡಿದ ಮೇಲೆ ನಾನು ಯಾರಿಗೂ ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ಹಾಕಲು ಬಿಟ್ಟಿಲ್ಲ.

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಇಂಥ ಕಂಪ್ಯೂಟರ್ ದಿನದ ಕೆಲಸದಲ್ಲಿ 100 ವ್ಯಾಟ್ ಕೂಡ ಎಳೆಯುವುದಿಲ್ಲ. ನಿಮಗೆ ಬೇಕಾದದ್ದು ದೊಡ್ಡ ಸಂಖ್ಯೆಯಲ್ಲ. ಹೆಸರಿರುವ ಕಂಪನಿಯ, 80 ಪ್ಲಸ್ (ಕರೆಂಟ್ ಹೆಚ್ಚು ಪೋಲು ಮಾಡುವುದಿಲ್ಲ ಅನ್ನುವ) ಗುರುತಿರುವ, 450 ವ್ಯಾಟ್‌ನದ್ದು ಬೇಕಾದಷ್ಟಾಯಿತು. ಆ ಗುರುತಿನಲ್ಲೇ ಮೇಲಿನ ದರ್ಜೆಯ ಬ್ರಾಂಜ್ ಸಿಕ್ಕರೆ ಇನ್ನೂ ಒಳ್ಳೆಯದು. ಇದಕ್ಕೆ ಬೇಕಾಗುವ ಹೆಚ್ಚುವರಿ ದುಡ್ಡನ್ನು ಕ್ಯಾಬಿನೆಟ್‌ನಲ್ಲಿ ಉಳಿಸಿ. ಬಣ್ಣಬಣ್ಣದ ದೀಪ, ಗಾಜಿನ ಪಕ್ಕೆ ಮನೆಯ ಕಂಪ್ಯೂಟರ್‌ಗೆ ಬೇಡ. ಮುಂದೆ ಜಾಲರಿ ಇರಲಿ, ಹಿಂದೆ ಒಂದು ಫ್ಯಾನ್ ಇರಲಿ. ಖಾಲಿ ಸ್ಲಾಟ್‌ಗಳ ತಗಡಿನ ಪಟ್ಟಿಗಳನ್ನು ಮುರಿದು ಬಿಡಬೇಡಿ, ಜಿರಲೆ ಹಲ್ಲಿ ಒಳಗೆ ನುಗ್ಗುವುದೇ ಆ ಕಿಂಡಿಯಿಂದ.

ಯುಪಿಎಸ್ ಬೇಕೇ ಅಂದರೆ, ಮನೆಯಲ್ಲಿ ಇನ್ವರ್ಟರ್ ಇದೆಯಾ ನೋಡಿ. ಇದ್ದರೆ ಹಿಂದೆ ಇರುವ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿ ಒಂದು ವಾರ ಪರೀಕ್ಷೆ ಮಾಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗದಿದ್ದರೆ ಬೇರೆ ಯುಪಿಎಸ್ ಬೇಡ. ಇಲ್ಲದಿದ್ದರೆ 600 ವಿಎಯದ್ದು ಸಾಕು. ಕೆಲಸ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಕೊಡುತ್ತದೆ. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುವುದು ಹೆಚ್ಚಾಗಿ ಅರ್ಥಿಂಗ್ ಸರಿ ಇಲ್ಲದ್ದರಿಂದ. ಮಲೆನಾಡು, ಕರಾವಳಿಯವರು ಗುಡುಗು ಶುರುವಾದಾಗ ಪ್ಲಗ್ ಜೊತೆ ಲ್ಯಾನ್ ವೈರನ್ನೂ ಕಿತ್ತುಬಿಡಿ. ಸಿಡಿಲಿನ ಹೊಡೆತ ರೂಟರ್‌ನ ಅಡಾಪ್ಟರ್ ದಾರಿಯಿಂದಲೂ ಬರುತ್ತದೆ.

ಮಾನಿಟರ್, ವಿಂಡೋಸ್ ವಗೈರೆ

ಮಾನಿಟರ್ ಐಪಿಎಸ್ ಪರದೆಯದ್ದು (ಪಕ್ಕದಿಂದ ನೋಡಿದರೂ ಬಣ್ಣ ಕೆಡದಂಥದ್ದು), 22ರಿಂದ 24 ಇಂಚು, ಫುಲ್ ಎಚ್‌ಡಿ. ಪ್ರೊಸೆಸರ್ ಎರಡು ಸಲ ಬದಲಾಗುವಷ್ಟು ಕಾಲ ಮಾನಿಟರ್ ಉಳಿಯುತ್ತದೆ, ದಿನವಿಡೀ ಕಣ್ಣು ನೆಡುವುದು ಅದರ ಮೇಲೆಯೇ. ಇದರಲ್ಲಿ ತೀರಾ ಬಿಗಿ ಮಾಡಬೇಡಿ. ಕೀಬೋರ್ಡ್ ಯಾವುದಾದರೂ ನಡೆಯುತ್ತದೆ, ಪುಟಗಟ್ಟಲೆ ಟೈಪ್ ಮಾಡುವವರು ಮಾತ್ರ ಡಿಟಿಪಿ ಅಂಗಡಿಗಳಲ್ಲಿ ಟಕಟಕ ಅನ್ನುವ ಟಿವಿಎಸ್ ಗೋಲ್ಡ್ ಒಮ್ಮೆ ಒತ್ತಿ ನೋಡಿ.

ವಿಂಡೋಸ್ ಲೈಸೆನ್ಸ್‌ಗೆ ಹಾಳೆಯಲ್ಲಿ ಜಾಗ ಇರಲಿ. ಆನ್‌ಲೈನ್‌ನಲ್ಲಿ ಕೆಲವೇ ನೂರಕ್ಕೆ ಸಿಗುವ ಕೀಗಳನ್ನು ನಾನು ನಂಬುವುದಿಲ್ಲ. ದುಡ್ಡಿಲ್ಲದಿದ್ದರೆ ಲಿನಕ್ಸ್ ಮಿಂಟ್ ಹಾಕಿ. ಬ್ರೌಸರ್, ಲಿಬ್ರೆಆಫೀಸ್, ಯೂನಿಕೋಡ್ ಕನ್ನಡ ಟೈಪಿಂಗ್ ಎಲ್ಲ ಇದೆ. ಟ್ಯಾಲಿ ಬೇಕೇ ಬೇಕು ಅನ್ನುವವರಿಗೆ ಮಾತ್ರ ವಿಂಡೋಸ್ ತಪ್ಪಿದ್ದಲ್ಲ.

ಎಸ್‌ಪಿ ರೋಡಾ, ಆನ್‌ಲೈನಾ?

ಬೆಂಗಳೂರಿನಲ್ಲಿ ಇರುವವರು ಒಮ್ಮೆ ಕಂಪ್ಯೂಟರ್ ಭಾಗಗಳ ಅಂಗಡಿಗಳಿರುವ ಎಸ್‌ಪಿ ರೋಡ್ ಸುತ್ತಿ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದರೆ ನಡೆದೇ ಹೋಗಬಹುದು. ಆನ್‌ಲೈನ್ ಬೆಲೆಗಳನ್ನು ಮೊದಲೇ ಬರೆದುಕೊಂಡು ಮೂರು ಅಂಗಡಿಯಲ್ಲಿ ಒಂದೇ ಪಟ್ಟಿ ಕೊಡಿ. ಒಂದೊಂದು ಭಾಗದ ಪೂರ್ತಿ ಮಾದರಿ ಹೆಸರು ಇರುವ ಕೊಟೇಶನ್ ಕೇಳಿ. "16 ಜಿಬಿ ರ‍್ಯಾಮ್, 500 ವ್ಯಾಟ್ ಎಸ್‌ಎಂಪಿಎಸ್" ಅಂತ ಮಾತ್ರ ಬರೆದುಕೊಟ್ಟರೆ ಒಪ್ಪಬೇಡಿ, ಕಳಪೆ ಮಾಲು ಸೇರಿಕೊಳ್ಳುವುದು ಆ ಖಾಲಿ ಜಾಗದಲ್ಲಿ. ದೂರದ ಊರಿನವರು ಪ್ರೊಸೆಸರ್, ಎಸ್‌ಎಸ್‌ಡಿ ಆನ್‌ಲೈನ್‌ನಲ್ಲಿ ತರಿಸಬಹುದು. ಮದರ್‌ಬೋರ್ಡ್, ಎಸ್‌ಎಂಪಿಎಸ್, ಮಾನಿಟರ್ ಮಾತ್ರ ಹತ್ತಿರದ ಜಿಲ್ಲಾ ಕೇಂದ್ರದ ಅಂಗಡಿಯಲ್ಲಿ ಕೊಳ್ಳಿ, ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ತೊಂದರೆ ಬಂದಾಗ ಹೊತ್ತುಕೊಂಡು ಹೋಗಿ ಮೇಜಿನ ಮೇಲೆ ಇಡಲು ಒಂದು ಜಾಗ ಇರುತ್ತದೆ.

ಅಂಗಡಿಯಲ್ಲೇ ಜೋಡಿಸಿದರೆ ನಿಂತು ನೋಡಿ. ಮುಗಿದ ಮೇಲೆ ಆನ್ ಮಾಡಿಸಿ, ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್ ತೆರೆಸಿ. ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಯಾವುದು ಅಂತ ಅಲ್ಲೇ ಕಾಣುತ್ತದೆ, ಕೊಟೇಶನ್ ಜೊತೆ ತಾಳೆ ನೋಡಿ. ಜಿಎಸ್‌ಟಿ ಬಿಲ್‌ನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ. ಖಾಲಿ ಪೆಟ್ಟಿಗೆಗಳನ್ನು ಅಲ್ಲೇ ಬಿಟ್ಟು ಬರಬೇಡಿ. ಪ್ರೊಸೆಸರ್‌ದು, ಬೋರ್ಡ್‌ದು, ಎಸ್‌ಎಂಪಿಎಸ್‌ದು ಮೂರನ್ನೂ ಅಟ್ಟದ ಮೇಲೆ ಇಡಿ, ಬಿಲ್‌ನ ಫೋಟೊ ಫೋನಿನಲ್ಲಿ ಇರಲಿ. ಶಾಯಿ ಮಾಸಿದ ಬಿಲ್ ಹಿಡಿದುಕೊಂಡು ಹೋದವರಿಗೆ ವಾರಂಟಿ ಸಿಗದೆ ವಾಪಸ್ ಬಂದದ್ದನ್ನು ನೋಡಿದ್ದೇನೆ.